ನಿದ್ದೆಗೆ ಮುಂಚಿನ ಒಂದು ನಿಮಿಷ

ನಾನು ಕಲಬುರಗಿಯವನು, ವೃತ್ತಿಯಿಂದ ಅರಿವಳಿಕೆ ವೈದ್ಯ. ಮಹಾರಾಷ್ಟ್ರಕ್ಕೆ ಬಂದು ಹದಿನೆಂಟು ವರ್ಷವಾಯಿತು. ಮೊದಲ ಆರು ವರ್ಷ ಔರಂಗಾಬಾದಿನಲ್ಲಿದ್ದೆ, ಅದೀಗ ಛತ್ರಪತಿ ಸಂಭಾಜಿನಗರ. ಆಮೇಲೆ ನಾಸಿಕ. ಊರಿಗೆ ಹೋದಾಗ ಸಂಬಂಧಿಕರು ನನ್ನನ್ನು ಪರಿಚಯಿಸುವುದು ಸೂಜಿ ಚುಚ್ಚಿ ಮಲಗಿಸೋ ಡಾಕ್ಟರು ಎಂದೇ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸೂಜಿ ಚುಚ್ಚುವುದಕ್ಕೂ ರೋಗಿ ಮಲಗುವುದಕ್ಕೂ ನಡುವೆ ಒಂದು ಸಣ್ಣ ಅವಧಿ ಇದೆ. ಮೂವತ್ತು ಸೆಕೆಂಡು, ನಲವತ್ತು ಸೆಕೆಂಡು, ಕೆಲವೊಮ್ಮೆ ಒಂದು ನಿಮಿಷಕ್ಕೂ ಹೆಚ್ಚು. ನನ್ನ ವಿದ್ಯೆಯ ಬಹುಪಾಲು ಆ ಅವಧಿಯಲ್ಲೇ ಇದೆ ಎಂದು ನನಗೆ ಕಲಿಸಿದವರು ಇಬ್ಬರು. ಒಬ್ಬರು ನಮ್ಮ ಆಳಂದ ಕಡೆಯ ಒಬ್ಬ ಆಯಿ. ಇನ್ನೊಬ್ಬರು 1858ರಲ್ಲೇ ತೀರಿಹೋದ ಇಂಗ್ಲಿಷ್ ವೈದ್ಯ ಜಾನ್ ಸ್ನೋ.

ಆಯಿಗೆ ಎಪ್ಪತ್ತೆಂಟು ವರ್ಷ. ಸಾತಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಮಗನ ಮನೆಗೆ ಬಂದಿದ್ದರು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಬೇಕಿತ್ತು. ಮರಾಠಿ ಬರುತ್ತಿರಲಿಲ್ಲ. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ತಮ್ಮಾ ನೀ ನಮ್ಮವನೇ ಏನೋ ಅಂತ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ, ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಇವರು ನಿಮ್ಮ ತಾಯಿಯೇ ಎಂದು ಸಿಸ್ಟರ್ ಕೇಳಿದರು. ಹೌದು ಅಂದುಬಿಟ್ಟೆ.

ಅಂದು ಪಟ್ಟಿಯಲ್ಲಿ ಏಳು ಕೇಸುಗಳಿದ್ದವು. ಸರ್ಜನ್ ಕೈ ತೊಳೆದು ನಿಂತಿದ್ದರು. ತೂಕ, ವಯಸ್ಸು ನೋಡಿ ಪ್ರೊಪೊಫಾಲ್ ಕೊಟ್ಟೆ. ಹಾಲಿನಂಥ ಬಿಳಿ ಔಷಧ ಅದು. ನಲವತ್ತು ಸೆಕೆಂಡು ಕಳೆಯಿತು. ಆಯಿ ಇನ್ನೂ ಕಣ್ಣು ಬಿಟ್ಟೇ ಇದ್ದರು, ಸೊಸೆ ಮಾಡುವ ರೊಟ್ಟಿಯ ಬಗ್ಗೆ ಏನೋ ಹೇಳುತ್ತಿದ್ದರು. ಸಾಲಲಿಲ್ಲ ಎಂದುಕೊಂಡು ಇನ್ನಷ್ಟು ಕೊಟ್ಟೆ. ಅರ್ಧ ನಿಮಿಷದಲ್ಲಿ ಮಲಗಿದರು. ಅದರ ಮುಂದಿನ ನಿಮಿಷದಲ್ಲಿ ರಕ್ತದೊತ್ತಡ ಅರವತ್ತಕ್ಕೆ ಇಳಿಯಿತು. ಕಾಲು ಮೇಲೆತ್ತಿ, ಸಲೈನ್ ಓಡಿಸಿ, ಒತ್ತಡ ಏರಿಸುವ ಔಷಧ ಕೊಟ್ಟು, ಹತ್ತು ನಿಮಿಷ ಹೋರಾಡಿದ ಮೇಲೆ ಒಂದು ಹದಕ್ಕೆ ಬಂತು. ಆಯಿ ಚೆನ್ನಾಗಿಯೇ ಎದ್ದರು. ಮರುದಿನ ನನ್ನನ್ನು ನೋಡಿ, ಭಾಳ ಛಲೋ ನಿದ್ದಿ ಬಂತಪ್ಪಾ ಅಂದರು. ಆ ರಾತ್ರಿ ನಿದ್ದೆ ಬಾರದೆ ಇದ್ದವನು ನಾನು.

ತಪ್ಪು ಔಷಧದ್ದಲ್ಲ, ಆಯಿಯದೂ ಅಲ್ಲ. ಕೈಯ ನರಕ್ಕೆ ಹಾಕಿದ ಔಷಧ ಹೃದಯಕ್ಕೆ ಹೋಗಿ, ಶ್ವಾಸಕೋಶ ದಾಟಿ, ಮತ್ತೆ ಹೃದಯಕ್ಕೆ ಬಂದು ಮಿದುಳಿಗೆ ಏರಬೇಕು. ಹರೆಯದವರಲ್ಲಿ ಅರ್ಧ ನಿಮಿಷದ ದಾರಿ ಅದು. ವಯಸ್ಸಾದವರಲ್ಲಿ ರಕ್ತ ನಿಧಾನ, ದಾರಿಯೂ ನಿಧಾನ. ಮೇಲಾಗಿ ಅವರಿಗೆ ಬೇಕಾಗುವ ಔಷಧವೇ ಕಡಿಮೆ. ಮೊದಲ ಡೋಸು ಇನ್ನೂ ದಾರಿಯಲ್ಲಿರುವಾಗಲೇ ನಾನು ಎರಡನೆಯದನ್ನು ಅದರ ಬೆನ್ನಿಗೆ ಕಳಿಸಿದ್ದೆ. ಇದು ಪಠ್ಯಪುಸ್ತಕದಲ್ಲಿರುವ ಪಾಠವೇ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ ಕೂಡ.

ಆ ವಾರ ನನ್ನ ಹಳೆಯ ಗುರುಗಳಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡೆ. ಅವರು ಬೈಯಲಿಲ್ಲ. ಸ್ನೋ ಓದು ಅಂದರು. ಕಾಲರಾದ ಸ್ನೋ ಅಲ್ಲವೇ ಎಂದು ಕೇಳಿದೆ. ಅರ್ಧ ಸ್ನೋ ಮಾತ್ರ ಗೊತ್ತಿದೆ ನಿನಗೆ ಎಂದು ನಕ್ಕರು. ಉಳಿದರ್ಧ ಸ್ನೋ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಜಾನ್ ಸ್ನೋ ಹುಟ್ಟಿದ್ದು 1813ರ ಮಾರ್ಚ್ 15ರಂದು, ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಬಡ ಬಡಾವಣೆಯಲ್ಲಿ. ತಂದೆ ಕೂಲಿ ಕೆಲಸದವರು. ಒಂಬತ್ತು ಮಕ್ಕಳಲ್ಲಿ ಇವರೇ ಹಿರಿಯರು. ಹದಿನಾಲ್ಕನೇ ವಯಸ್ಸಿಗೆ ಮನೆ ಬಿಟ್ಟು, ದೂರದ ನ್ಯೂಕ್ಯಾಸಲ್‌ನಲ್ಲಿ ವಿಲಿಯಂ ಹಾರ್ಡ್‌ಕ್ಯಾಸಲ್ ಎಂಬ ವೈದ್ಯರ ಬಳಿ ಕೆಲಸ ಕಲಿಯಲು ಸೇರಿದರು. ಹದಿನೆಂಟರ ಹುಡುಗನಾಗಿದ್ದಾಗ ಕಿಲಿಂಗ್‌ವರ್ತ್ ಕಲ್ಲಿದ್ದಲ ಗಣಿಯಲ್ಲಿ ಕಾಲರಾ ಬಂತು. ಗಣಿಯ ಕೆಲಸಗಾರರ ನಡುವೆ ಓಡಾಡಿ ಚಿಕಿತ್ಸೆ ಮಾಡಿದ್ದು ಇವರೇ. ಆ ವಯಸ್ಸಿಗೇ ಮಾಂಸ ಬಿಟ್ಟಿದ್ದರು, ಮದ್ಯವನ್ನೂ ದೂರ ಇಟ್ಟರು. 1836ರಲ್ಲಿ ಓದಲೆಂದು ಲಂಡನ್ನಿಗೆ ಹೋದದ್ದು ನಡೆದುಕೊಂಡೇ. ಹೊಟ್ಟೆಪಾಡಿಗೆ ಊರು ಬಿಟ್ಟ ನಮ್ಮಂಥವರಿಗೆ ಈ ಭಾಗ ಹೊಸದೇನಲ್ಲ.

1838ರಲ್ಲಿ ಸರ್ಜನ್ ಪರೀಕ್ಷೆ ಪಾಸಾದರು. ಸೋಹೋದ ಫ್ರಿತ್ ಸ್ಟ್ರೀಟಿನ 54ನೇ ನಂಬರಿನ ಮನೆಯಲ್ಲಿ ಬೋರ್ಡು ಹಾಕಿದರು. ಮಾತು ಕಡಿಮೆ, ನಾಚಿಕೆ ಹೆಚ್ಚು. ಮದುವೆಯಾಗಲಿಲ್ಲ. ರೋಗಿಗಳೂ ಹೆಚ್ಚು ಬರುತ್ತಿರಲಿಲ್ಲ. ಬಿಡುವಿನಲ್ಲಿ ವೈದ್ಯ ಸಂಘದ ಸಭೆಗಳಿಗೆ ಹೋಗುವುದು, ಉಸಿರಾಟದ ಮೇಲೆ ಪ್ರಯೋಗ ಮಾಡುವುದು. ಈ ಉಸಿರಾಟದ ಹುಚ್ಚೇ ಮುಂದೆ ಕೈ ಹಿಡಿಯಿತು.

1846ರ ಅಕ್ಟೋಬರಿನಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಈಥರ್ ಆವಿ ಕುಡಿಸಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದರು. ಡಿಸೆಂಬರಿನಲ್ಲಿ ಸುದ್ದಿ ಲಂಡನ್ ಮುಟ್ಟಿತು. ಎಲ್ಲರೂ ಮುಗಿಬಿದ್ದು ಪ್ರಯತ್ನಿಸಿದರು. ಆದರೆ ಕೆಲವರು ಎರಡು ನಿಮಿಷಕ್ಕೆ ಮಲಗುತ್ತಿದ್ದರು, ಕೆಲವರು ಹತ್ತು ನಿಮಿಷ ಕೆಮ್ಮಿ, ಒದ್ದಾಡಿ, ಮಲಗದೆಯೇ ಏಳುತ್ತಿದ್ದರು. ರೋಗಿಯ ಮೈಗುಣ ಎಂದು ಹಲವರು ಸುಮ್ಮನಾದರು. ಸ್ನೋ ಮಾತ್ರ ಕೇಳಿದ್ದು ಬೇರೆಯೇ ಪ್ರಶ್ನೆ. ರೋಗಿಯ ಉಸಿರಿನೊಳಗೆ ನಿಜವಾಗಿ ಎಷ್ಟು ಈಥರ್ ಹೋಗುತ್ತಿದೆ?

ಈಥರ್ ಬಹಳ ಬೇಗ ಆವಿಯಾಗುವ ದ್ರವ, ಕುದಿಯುವುದು ಸುಮಾರು 35 ಡಿಗ್ರಿಗೆ. 10 ಡಿಗ್ರಿ ಚಳಿಯಲ್ಲಿ ಗಾಳಿ ಹೆಚ್ಚೆಂದರೆ ಶೇ 38ರಷ್ಟು ಈಥರ್ ಆವಿಯನ್ನು ಹೊರಬಲ್ಲದು, 20 ಡಿಗ್ರಿಯಲ್ಲಿ ಶೇ 58ರಷ್ಟು. ಅಂದರೆ ನಾಸಿಕದ ಡಿಸೆಂಬರ್ ಬೆಳಗಿಗೂ ಮಧ್ಯಾಹ್ನಕ್ಕೂ ಅದೇ ಬಾಟಲಿ, ಅದೇ ಕೈ, ಬೇರೆಯೇ ಡೋಸು. ಇನ್ನು ಸಂಭಾಜಿನಗರದ ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಯಲ್ಲಿ ಬಾಟಲಿಯ ಮುಚ್ಚಳ ತೆಗೆದರೆ ಅದು ತಾನೇ ಕುದಿಯುತ್ತದೆ. ಸುದ್ದಿ ಬಂದ ಕೆಲವೇ ವಾರಗಳಲ್ಲಿ, 1847ರ ಜನವರಿಯಲ್ಲೇ, ಯಾವ ಉಷ್ಣಾಂಶದಲ್ಲಿ ಗಾಳಿ ಎಷ್ಟು ಈಥರ್ ಹಿಡಿಯುತ್ತದೆ ಎಂಬ ಕೋಷ್ಟಕವನ್ನು ಸ್ನೋ ವೈದ್ಯ ಸಭೆಯ ಮುಂದಿಟ್ಟರು. ಆಮೇಲೆ ನೀರಿನ ತೊಟ್ಟಿಯಲ್ಲಿ ಕೂರಿಸಿದ ಲೋಹದ ಉಪಕರಣ ಮಾಡಿಸಿದರು. ನೀರಿನ ಬಿಸಿ ಹಿಡಿತದಲ್ಲಿದ್ದರೆ ಆವಿಯ ಪ್ರಮಾಣವೂ ಹಿಡಿತದಲ್ಲಿ. ಅದೇ ವರ್ಷ ಈಥರ್ ಬಗ್ಗೆ ಸಣ್ಣ ಪುಸ್ತಕ ಬಂತು. ಎಚ್ಚರದಿಂದ ಆಳವಾದ ಮಂಪರಿನವರೆಗಿನ ದಾರಿಯನ್ನು ಐದು ಹಂತಗಳಾಗಿ ಅದರಲ್ಲಿ ವಿಂಗಡಿಸಿದ್ದರು. ಕಣ್ಣು, ಉಸಿರು, ಸ್ನಾಯು ನೋಡಿ ರೋಗಿ ಎಲ್ಲಿದ್ದಾನೆಂದು ಹೇಳುವ ವಿದ್ಯೆ ಅಲ್ಲಿಂದ ಬೆಳೆಯಿತು.

ಆಮೇಲೆ ಬಂದದ್ದು ಕ್ಲೋರೋಫಾರಂ. 1847ರ ನವೆಂಬರಿನಲ್ಲಿ ಎಡಿನ್‌ಬರೊದ ಜೇಮ್ಸ್ ಸಿಂಪ್ಸನ್ ಅದನ್ನು ಬಳಕೆಗೆ ತಂದರು. ಸಿಹಿ ವಾಸನೆ, ಕೆಮ್ಮಿಲ್ಲ, ಉಪಕರಣ ಬೇಕಿಲ್ಲ. ಕರವಸ್ತ್ರಕ್ಕೆ ಒಂದಿಷ್ಟು ಸುರಿದು ಮೂಗಿಗೆ ಹಿಡಿದರೆ ನಿಮಿಷದಲ್ಲಿ ನಿದ್ದೆ. ಈಥರನ್ನು ಜನ ಮರೆತೇಬಿಟ್ಟರು. ಮೂರು ತಿಂಗಳೂ ಕಳೆದಿರಲಿಲ್ಲ. 1848ರ ಜನವರಿ 28ರಂದು ನ್ಯೂಕ್ಯಾಸಲ್ ಬಳಿ ಹದಿನೈದು ವರ್ಷದ ಹಾನಾ ಗ್ರೀನರ್ ಎಂಬ ಹುಡುಗಿಯ ಕಾಲಿನ ಉಗುರು ತೆಗೆಯಲು ಕ್ಲೋರೋಫಾರಂ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಹುಡುಗಿ ತೀರಿಹೋದಳು. ಕ್ಲೋರೋಫಾರಂನಿಂದ ಸತ್ತವರೆಂದು ದಾಖಲಾದ ಮೊದಲ ರೋಗಿ ಅವಳು.

ಹೀಗೇಕಾಯಿತು? ಇಲ್ಲಿ ನಮ್ಮ ಕಲಬುರಗಿಯ ಎರೆ ಹೊಲದ ಕಡೆ ಬರಬೇಕು. ಕಾಲುವೆಯಲ್ಲಿ ನೀರು ಬಿಟ್ಟರೆ, ಎರೆ ಮಣ್ಣಿನ ಕಾಲುವೆ ಮೊದಲು ತಾನು ಕುಡಿಯುತ್ತದೆ. ಕೊನೆಯ ಹೊಲಕ್ಕೆ ನೀರು ಮುಟ್ಟುವುದು ತಡ. ಅದೇ ಕಲ್ಲು ಕಟ್ಟಿದ ಕಾಲುವೆಯಾದರೆ ನೀರು ಸರ್ರನೆ ಹರಿದು ಹೋಗುತ್ತದೆ. ಉಸಿರಿನ ಔಷಧಕ್ಕೆ ರಕ್ತವೇ ಕಾಲುವೆ, ಮಿದುಳೇ ಕೊನೆಯ ಹೊಲ. ರಕ್ತದಲ್ಲಿ ಚೆನ್ನಾಗಿ ಕರಗುವ ಔಷಧವನ್ನು ರಕ್ತವೇ ಕುಡಿದುಬಿಡುತ್ತದೆ, ಒತ್ತಡ ಏರಿ ಮಿದುಳಿಗೆ ಮುಟ್ಟುವುದು ನಿಧಾನ. ಕರಗದ ಔಷಧ ಬೇಗ ಮುಟ್ಟುತ್ತದೆ. ಇಂದು ಇದಕ್ಕೊಂದು ಅಂಕಿ ಇದೆ. ಅಷ್ಟೇ ಗಾಳಿಯಲ್ಲಿರುವುದಕ್ಕಿಂತ ಅಷ್ಟೇ ರಕ್ತದಲ್ಲಿ ಔಷಧ ಎಷ್ಟು ಪಟ್ಟು ಕರಗಿರುತ್ತದೆ ಎಂಬ ಲೆಕ್ಕ. ಈಥರ್‌ಗೆ ಸುಮಾರು 12, ಹ್ಯಾಲೋಥೇನ್‌ಗೆ 2.4, ಐಸೋಫ್ಲುರೇನ್‌ಗೆ 1.4, ಇಂದು ಮಕ್ಕಳನ್ನು ಮಲಗಿಸಲು ಬಳಸುವ ಸೆವೋಫ್ಲುರೇನ್‌ಗೆ 0.65. ಅಂಕಿ ಸಣ್ಣದಾದಷ್ಟೂ ನಿದ್ದೆ ಬೇಗ, ಎಚ್ಚರವೂ ಬೇಗ.

ಹಾಗಾದರೆ ಕ್ಲೋರೋಫಾರಂ ನಿಧಾನವಾಗಬೇಕಿತ್ತಲ್ಲ? ಅದೂ ರಕ್ತದಲ್ಲಿ ಚೆನ್ನಾಗಿ ಕರಗುವಂಥದ್ದೇ. ಆದರೆ ಅದಕ್ಕೆ ಇನ್ನೊಂದು ಗುಣವಿದೆ, ಬಲ. ಮಲಗಿಸಲು ಗಾಳಿಯಲ್ಲಿ ಶೇ ಒಂದೆರಡು ಇದ್ದರೆ ಸಾಕು. ಕರವಸ್ತ್ರದಿಂದ ಅದರ ಎಷ್ಟೋ ಪಟ್ಟು ಏಳಬಹುದು, ಏಕೆಂದರೆ 20 ಡಿಗ್ರಿಯಲ್ಲಿ ಗಾಳಿ ಶೇ 20ರಷ್ಟು ಕ್ಲೋರೋಫಾರಂ ಹೊರಬಲ್ಲದು. ಈಥರ್ ಗಾಢವಾದರೆ ರೋಗಿಯೇ ಕೆಮ್ಮಿ ಉಸಿರು ಹಿಡಿಯುತ್ತಾನೆ, ಅವನ ಗಂಟಲೇ ಕಾವಲು. ಕ್ಲೋರೋಫಾರಂಗೆ ಆ ಕಾವಲಿಲ್ಲ. ಕಾಲುವೆ ಕುಡಿಯುವುದಕ್ಕಿಂತ ಹೆಚ್ಚು ನೀರನ್ನು ಒಮ್ಮೆಲೇ ನುಗ್ಗಿಸಿದ ಹಾಗೆ. ಗಾಢ ಆವಿ ಹೀರಿದ ರಕ್ತ ಶ್ವಾಸಕೋಶದಿಂದ ನೇರ ಹೋಗುವುದು ಹೃದಯಕ್ಕೆ.

ಸ್ನೋ ಕಪ್ಪೆ, ಇಲಿ, ಹಕ್ಕಿಗಳನ್ನು ಗಾಜಿನ ಜಾಡಿಯಲ್ಲಿಟ್ಟು, ಅಳೆದ ಗಾಳಿಗೆ ಅಳೆದ ಔಷಧ ಬೆರೆಸಿ, ಇದನ್ನೆಲ್ಲ ವರ್ಷಗಟ್ಟಲೆ ಪರೀಕ್ಷಿಸಿದರು. ತಮ್ಮ ಮೇಲೂ ಪ್ರಯೋಗ ಮಾಡಿಕೊಂಡರು. ಔಷಧದ ಕರಗುವ ಗುಣಕ್ಕೂ ಬಲಕ್ಕೂ ಸಂಬಂಧವಿದೆ ಎಂದು ಕಂಡರು, ಕಡಿಮೆ ಕರಗುವುದು ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡುತ್ತದೆ ಎಂದು ಲೆಕ್ಕ ಹಾಕಿದರು. ಇನ್ನೂ ಒಂದನ್ನು ಗಮನಿಸಿದರು. ಉಸಿರಿಗೆ ಹಿಡಿದದ್ದನ್ನು ತೆಗೆದ ಮೇಲೂ ಕೆಲವು ಸೆಕೆಂಡು ಪರಿಣಾಮ ಏರುತ್ತಲೇ ಹೋಗುತ್ತದೆ, ಏಕೆಂದರೆ ಶ್ವಾಸಕೋಶದಲ್ಲಿ ಉಳಿದದ್ದು ಇನ್ನೂ ರಕ್ತಕ್ಕೆ ಸೇರುತ್ತಿರುತ್ತದೆ. ಇದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಪ್ರೊಪೊಫಾಲ್ ಅವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಆದರೆ ಆಯಿಗೆ ನಾನು ಮಾಡಿದ ತಪ್ಪು ಅವರಿಗೆ ಗೊತ್ತಿತ್ತು.

ಕ್ಲೋರೋಫಾರಂ ಬಿಡಿ ಎಂದು ಸ್ನೋ ಹೇಳಲಿಲ್ಲ. ಅಳೆದು ಕೊಡಿ ಎಂದರು. ಶೇ 4ರಿಂದ 5ರಷ್ಟು ದಾಟಬಾರದೆಂಬ ಲೆಕ್ಕ ಇಟ್ಟುಕೊಂಡರು. ಹಾಗೆ ಬೆರೆಸಿದ ಗಾಳಿಯನ್ನು ಚೀಲದಲ್ಲಿ ತುಂಬಿ ಕೊಡುವುದನ್ನೂ ಪ್ರಯತ್ನಿಸಿದರು. ಸಾವಿರಾರು ಜನರಿಗೆ ಕೊಟ್ಟರು. 1853ರ ಏಪ್ರಿಲ್ 7ರಂದು ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕರೆ ಬಂತು. ಮಡಚಿದ ಕರವಸ್ತ್ರದ ಮೇಲೆ ಹನಿಹನಿಯಾಗಿ, 53 ನಿಮಿಷ, ರಾಣಿಯ ಎಚ್ಚರ ತಪ್ಪದ ಹಾಗೆ, ನೋವಷ್ಟೇ ಕಡಿಮೆಯಾಗುವ ಹಾಗೆ ಕೊಟ್ಟರು. ಲಂಡನ್ನಿನ ಅತ್ಯಂತ ಬೇಡಿಕೆಯ ಅರಿವಳಿಕೆ ವೈದ್ಯರಾಗಿಬಿಟ್ಟರು.

ಮರುವರ್ಷ ಆಗಸ್ಟ್ ಕೊನೆಗೆ ಸೋಹೋದಲ್ಲಿ ಕಾಲರಾ ಹಬ್ಬಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಬ್ರಾಡ್ ಸ್ಟ್ರೀಟಿನ ಪಂಪಿನ ನೀರೇ ಮೂಲ ಎಂದು ಮನೆಮನೆ ತಿರುಗಿ ತೋರಿಸಿದ್ದು, 1854ರ ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ತೆಗೆಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆಂದು ಆಗಿನ ದೊಡ್ಡವರೆಲ್ಲ ನಂಬಿದ್ದರು. ಆದರೆ ಆವಿಗಳು ದೇಹಕ್ಕೆ ಹೇಗೆ ಹೋಗುತ್ತವೆ, ಎಷ್ಟು ಇದ್ದರೆ ಏನಾಗುತ್ತದೆ ಎಂದು ಅಳೆದು ಬಲ್ಲ ವೈದ್ಯನಿಗೆ ಆ ವಾದ ಒಪ್ಪಿಗೆಯಾಗಲಿಲ್ಲ. ಅರಿವಳಿಕೆಯ ಸ್ನೋ ಇಲ್ಲದಿದ್ದರೆ ಕಾಲರಾದ ಸ್ನೋ ಇರುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಆದರೆ ಸ್ನೋ ಕೂಡ ಎಡವಿದರು. ಬೇಗ ಮಲಗಿಸಿ ಬೇಗ ಎಬ್ಬಿಸುವ, ಗಂಟಲು ಕೆರೆಯದ ಔಷಧ ಹುಡುಕುತ್ತ 1856ರಲ್ಲಿ ಅಮಿಲೀನ್ ಎಂಬ ದ್ರವವನ್ನು ಆರಿಸಿದರು. ಗುಣಗಳೆಲ್ಲ ಸರಿಯಾಗಿದ್ದವು. ಸುಮಾರು 240 ಜನರಿಗೆ ಕೊಡುವಷ್ಟರಲ್ಲಿ ಅವರ ಕೈಯಲ್ಲೇ ಇಬ್ಬರು ತೀರಿಕೊಂಡರು. ಸ್ನೋ ಎರಡೂ ಸಾವುಗಳನ್ನು ತಾವೇ ಬರೆದು ಪ್ರಕಟಿಸಿ, ಆ ಔಷಧ ಬಿಟ್ಟರು. ವೇಗ ಬೇರೆ, ಸುರಕ್ಷತೆ ಬೇರೆ. ನನ್ನ ತಪ್ಪನ್ನು ಇಲ್ಲಿ ಬರೆಯುವ ಧೈರ್ಯ ಬಂದದ್ದು ಈ ಭಾಗ ಓದಿದ ಮೇಲೆ.

1858ರ ಜೂನ್ 10ರಂದು ಕ್ಲೋರೋಫಾರಂ ಪುಸ್ತಕ ಬರೆಯುತ್ತಿರುವಾಗಲೇ ಪಾರ್ಶ್ವವಾಯು ಹೊಡೆಯಿತು. 16ರಂದು ತೀರಿಕೊಂಡರು. ವಯಸ್ಸು ನಲವತ್ತೈದು. ಸ್ನೇಹಿತ ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ ಪುಸ್ತಕವನ್ನು ಹೊರತಂದರು. ದಿ ಲ್ಯಾನ್ಸೆಟ್ ಪತ್ರಿಕೆ ಹಾಕಿದ ನಾಲ್ಕು ಸಾಲಿನ ಸಾವಿನ ಸುದ್ದಿಯಲ್ಲಿ ಕಾಲರಾದ ಮಾತೇ ಇರಲಿಲ್ಲ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ, ನಮ್ಮ ನೆಲಕ್ಕೇ ಬರುತ್ತದೆ. ನಾನು ಹುಟ್ಟಿದ ಕಲಬುರಗಿ, ಕೆಲಸ ಶುರುಮಾಡಿದ ಔರಂಗಾಬಾದ್ ಎರಡೂ ಆಗ ಹೈದರಾಬಾದ್ ನಿಜಾಮರ ರಾಜ್ಯದಲ್ಲಿದ್ದವು. ಇಂದಿಗೂ ಎರಡೂ ಕಡೆ ಸೆಪ್ಟೆಂಬರ್ 17ರಂದೇ ವಿಮೋಚನೆಯ ಬಾವುಟ ಏರುತ್ತದೆ. ಆ ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ಎಂಬ ಸರ್ಜನ್ ಇದ್ದರು, ಅಲ್ಲಿನ ವೈದ್ಯ ಶಾಲೆಯ ಮುಖ್ಯಸ್ಥರು. ಎಡಿನ್‌ಬರೊದಲ್ಲಿ ಕಲಿತವರು. ಕ್ಲೋರೋಫಾರಂನಿಂದ ಹೃದಯಕ್ಕೆ ಅಪಾಯವಿಲ್ಲ, ಉಸಿರನ್ನು ನೋಡಿಕೊಂಡರೆ ಸಾಕು ಎಂಬುದು ಅವರ ದೃಢ ನಂಬಿಕೆ. 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಕ್ಲೋರೋಫಾರಂ ಆಯೋಗ ಕೂಡಿತು. ಎರಡನೆಯದಕ್ಕೆ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಸಾವಿರ ಪೌಂಡ್ ಕೊಟ್ಟರು. ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದರು. ನಾಯಿ, ಮಂಗಗಳೂ ಸೇರಿ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಮೊದಲು ನಿಲ್ಲುವುದು ಉಸಿರು, ಹೃದಯ ಅಲ್ಲ ಎಂಬ ತೀರ್ಮಾನ ಬಂತು. ಆ ಶಾಲೆಯಲ್ಲಿ ಓದಿದ ರೂಪಾಬಾಯಿ ಫರ್ದುಂಜಿ ಎಂಬ ಪಾರ್ಸಿ ಹೆಣ್ಣುಮಗಳು ಈ ಕೆಲಸದಲ್ಲಿದ್ದರು. ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಅವರ ಹೆಸರನ್ನು ಎಣಿಸುತ್ತಾರೆ.

ತೀರ್ಮಾನ ಪೂರ್ತಿ ನಿಲ್ಲಲಿಲ್ಲ. 1911ರಲ್ಲಿ ಲಂಡನ್ನಿನ ಗುಡ್‌ಮನ್ ಲೆವಿ, ಹಗುರ ಕ್ಲೋರೋಫಾರಂ ಮಂಪರಿನಲ್ಲಿರುವಾಗ ಅಡ್ರಿನಲಿನ್ ಸೇರಿದರೆ ಹೃದಯ ಲಯ ತಪ್ಪಿ ಒಮ್ಮೆಲೇ ನಿಲ್ಲಬಹುದೆಂದು ಬೆಕ್ಕುಗಳಲ್ಲಿ ತೋರಿಸಿದರು. ಹೆದರಿದ ಮೈಯಲ್ಲಿ ಅಡ್ರಿನಲಿನ್‌ಗೇನು ಬರವಿಲ್ಲ. ಗಾಢ ಆವಿಯೇ ಕಾರಣ ಎಂದ ಸ್ನೋ ಅರ್ಧ ಸರಿ, ಉಸಿರು ನೋಡಿ ಎಂದ ಲಾರಿಯೂ ಅರ್ಧ ಸರಿ. ರೋಗಿಯ ಹೆದರಿಕೆಯೂ ಲೆಕ್ಕದಲ್ಲಿ ಸೇರಬೇಕು ಎಂಬುದು ಇಬ್ಬರಿಗೂ ಕಾಣದೆ ಉಳಿದ ಭಾಗ.

ಇಂದು ನಮ್ಮ ಯಂತ್ರ ಉಸಿರಿನ ಪ್ರತಿ ಶೇಕಡಾವನ್ನೂ ಪರದೆಯ ಮೇಲೆ ತೋರಿಸುತ್ತದೆ. ಪ್ರೊಪೊಫಾಲ್ ಕೊಬ್ಬಿನಲ್ಲಿ ಕರಗುವ ಗುಣದ್ದು, ಮಿದುಳಿನ ಬಾಗಿಲಲ್ಲಿ ಕಾಯಬೇಕಿಲ್ಲ. ಕಾಯಬೇಕಾದದ್ದು ರಕ್ತದ ನಡಿಗೆಗೆ ಮಾತ್ರ. ಆ ನಡಿಗೆಯನ್ನು ಯಾವ ಕಂಪನಿಯೂ ಬೇಗ ಮಾಡಿಕೊಟ್ಟಿಲ್ಲ.

ಊರಿನಿಂದ ಅಪ್ಪ ಅಮ್ಮನನ್ನು ಕರೆಸಿ ಆಪರೇಷನ್ ಮಾಡಿಸುವ ನೀವು ಒಂದಷ್ಟು ಮಾಡಬಹುದು. ಅವರು ನುಂಗುವ ಮಾತ್ರೆಗಳ ಚೀಟಿ ಜೊತೆಗೆ ತನ್ನಿ. ಕೊನೆಗೆ ತಿಂದದ್ದು, ಕುಡಿದದ್ದು ಎಷ್ಟು ಹೊತ್ತಿಗೆ ಎಂದು ಸತ್ಯ ಹೇಳಿ, ಒಂದು ಲೋಟ ಚಹಾ ಆದರೂ ಸರಿ. ಅಲ್ಲಾಡುವ ಹಲ್ಲು, ಹಿಂದಿನ ಆಪರೇಷನ್ ಬಗ್ಗೆ ಹೇಳಿ. ಅವರಿಗೆ ಮರಾಠಿಯೋ ಹಿಂದಿಯೋ ಬಾರದಿದ್ದರೆ ಮೊದಲೇ ತಿಳಿಸಿ, ಎರಡು ಕನ್ನಡ ಮಾತು ಯಾರಾದರೂ ಕಲಿತುಕೊಳ್ಳಬಹುದು.

ಆಯಿಯ ಪ್ರಸಂಗದ ನಂತರ ನಾನೊಂದು ರೂಢಿ ಮಾಡಿಕೊಂಡಿದ್ದೇನೆ. ವಯಸ್ಸಾದವರಿಗೆ ಔಷಧ ಸ್ವಲ್ಪಸ್ವಲ್ಪವೇ ಕೊಟ್ಟು, ಪ್ರತಿ ಸಲವೂ ಕೈ ಹಿಂದಕ್ಕೆ ತೆಗೆದು, ಒಂದರಿಂದ ಅರವತ್ತರವರೆಗೆ ಕನ್ನಡದಲ್ಲಿ ಎಣಿಸುತ್ತೇನೆ. ಸರ್ಜನ್ ಗಡಿಯಾರ ನೋಡಿದರೆ ನೋಡಲಿ. ನಮ್ಮ ಥಿಯೇಟರಿನ ಮರಾಠಿ ಸಿಸ್ಟರ್‌ಗೆ ಈಗ ಆ ಎಣಿಕೆ ಬಾಯಿಪಾಠ. ಮೊನ್ನೆ ಒಬ್ಬ ಅಜ್ಜನಿಗೆ ನಾನು ಮೂವತ್ತೆಂಟಕ್ಕೇ ಸಿರಿಂಜಿನ ಕಡೆ ಕೈ ಚಾಚಿದೆ. ಅವರು ನನ್ನ ಕೈ ತಡೆದು, ಮೂವತ್ತೊಂಬತ್ತು ಅಂದರು. ಐವತ್ತೆರಡಕ್ಕೆ ಅಜ್ಜ ಮಲಗಿದರು.